ಎಂಟು ಡಿಸ್ಕುಗಳಲ್ಲಿ ನಾಲ್ಕು ಕಾಣೆಯಾದ ಕಥೆ

ಬಿಬವೇವಾಡಿಯಲ್ಲಿರುವ ನಮ್ಮ ಕಚೇರಿಗೆ ಬಂದುಹೋದ ವಾಚಕರಿಗೆ ಅದರ ಹಿಂಬದಿಯ ಸಣ್ಣ ಕೋಣೆಯ ಪರಿಚಯವಿರಬಹುದು. ಒಂದು ಕಾಲಕ್ಕೆ ಅದು ಹೋಟೆಲಿನ ಉಗ್ರಾಣವಾಗಿತ್ತು. ಮಾರ್ಕೆಟ್ ಯಾರ್ಡಿನಿಂದ ಮುಂಜಾವದಲ್ಲಿ ಬಂದಿಳಿಯುತ್ತಿದ್ದ ಈರುಳ್ಳಿ, ಬಟಾಟೆಗಳ ಚೀಲಗಳು ಅಲ್ಲಿ ಗೋಡೆಗೊರಗಿ ನಿಂತಿರುತ್ತಿದ್ದವು. ಇಂದು ಅದೇ ಗೋಡೆಗೆ ತಾಗಿ, ಮೇಜಿನ ಮೇಲೆ, ಕರಿಬಣ್ಣದ ತಗಡಿನ ಪೆಟ್ಟಿಗೆಯೊಂದು ಹಗಲಿರುಳು ಗುಂಯ್‌ಗುಡುತ್ತ ಕುಳಿತಿದೆ. ಅದಕ್ಕೆ ‘ಸರ್ವರ್’ ಎಂದು ಹೆಸರು. ಬಡಿಸುವವನು ಎಂಬುದೇ ಆ ಇಂಗ್ಲಿಷ್ ಶಬ್ದದ ಅರ್ಥವಾದುದರಿಂದ, ನಮ್ಮ ಹೋಟೆಲು ಬಂಧುಗಳಿಗೆ ಅದನ್ನು ಬೇರೆಯಾಗಿ ವಿವರಿಸಬೇಕಾದುದಿಲ್ಲ. ಕೇಳಿದವರಿಗೆ ಕೇಳಿದ್ದನ್ನು ಒಳಗಿನಿಂದ ತಂದುಕೊಡುವ ಸಪ್ಲೈಯರನ ಕೆಲಸವೇ ಅದರ ಕೆಲಸ. ವ್ಯತ್ಯಾಸವಿಷ್ಟೆ: ಅದು ತಂದುಕೊಡುವುದು ಇಡ್ಲಿ ಸಾಂಬಾರನ್ನಲ್ಲ, ನಮ್ಮ ಪತ್ರಿಕೆಯ ಮೂವತ್ತೆಂಟು ವರ್ಷಗಳ ಹಳೆಯ ಸಂಚಿಕೆಗಳ ಪುಟಗಳನ್ನು.

ಹೋಟೆಲಿನ ಗಲ್ಲಾಪೆಟ್ಟಿಗೆಯಿಂದೆದ್ದು ಸಂಪಾದಕರ ಕುರ್ಚಿಯಲ್ಲಿ ಕುಳಿತ ಮೊದಲ ವರ್ಷದಲ್ಲಿ ನಾವು ಮಾಡಿದ ತಪ್ಪೊಂದನ್ನು ಇಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಬಿಡುವುದು ಲೇಸು. ಕಟ್ಟಿಸಿಟ್ಟಿದ್ದ ಹಳೆಯ ಸಂಪುಟಗಳು ಎರಡು ಕೋಣೆಗಳನ್ನು ತುಂಬಿಕೊಂಡಿದ್ದವು. ಕೆಲವಕ್ಕೆ ಗೆದ್ದಲು ಹಿಡಿದಿತ್ತು, ಬಾಡಿಗೆಯೂ ಏರುತ್ತಿತ್ತು. ಹತ್ತಿರ ಹತ್ತಿರ 80 ಸಾವಿರ ಪುಟಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿಸಿ ಈ ಪೆಟ್ಟಿಗೆಯೊಳಗೆ ತುಂಬಿಸಿದೆವು. ಬಳಿಕ, ನಮ್ಮ ವೃದ್ಧ ಗುಮಾಸ್ತರು ಬೇಡ ಬೇಡವೆನ್ನುತ್ತಿದ್ದಂತೆಯೆ, ಸಂಪುಟಗಳನ್ನು ರದ್ದಿಯವನಿಗೆ ತೂಗಿಕೊಟ್ಟೆವು. “ಕಾಗದ ಕಾಗದವೇ ಸ್ವಾಮಿ” ಎಂದು ಅವರು ಅಂದು ಆಡಿದ ಮಾತಿಗೆ ನಾವು ನಕ್ಕದ್ದುಂಟು.

ಕಳೆದ ಆಷಾಢದ ಒಂದು ರಾತ್ರಿ ಬಿರುಗಾಳಿಯೊಡನೆ ಮಳೆ ಸುರಿಯಿತು. ಬೀದಿಯ ಮರವೊಂದು ತಂತಿಗಳ ಮೇಲೆ ಉರುಳಿ, ನಮ್ಮ ಬೀದಿಗೆಲ್ಲ ಸುಮಾರು ಒಂಬತ್ತು ಗಂಟೆಗಳ ಕಾಲ ವಿದ್ಯುತ್ತು ಇರಲಿಲ್ಲ. ಇಂಥ ವೇಳೆಗೆಂದು ಇಟ್ಟಿದ್ದ ಬ್ಯಾಟರಿಯು ಹತ್ತು ನಿಮಿಷ ಉಸಿರಾಡಿ ಪ್ರಾಣ ಬಿಟ್ಟಿತು. ಅದನ್ನು ಬದಲಿಸಬೇಕೆಂದು ಒಂದು ವರ್ಷದಿಂದ ಹೇಳಿಸಿಕೊಳ್ಳುತ್ತಲೇ ಇದ್ದೆವಾದುದರಿಂದ ಈ ವಿಷಯದಲ್ಲಿ ಬೇರೆ ಯಾರನ್ನೂ ದೂರುವಂತಿಲ್ಲ. ಬೆಳಗಾಗಿ ದೀಪ ಬಂದಾಗ ಪೆಟ್ಟಿಗೆಯ ಗುಂಡಿಯನ್ನು ಒತ್ತಿದೆವು. ಫ್ಯಾನುಗಳು ತಿರುಗಿದವು, ತೆರೆಯ ಮೇಲೆ ಅಕ್ಷರಗಳು ಮೂಡಿದವು. ಒಳಗಿರುವ ಡಿಸ್ಕುಗಳು ಎಂಟು, ಕಾಣಿಸಿಕೊಂಡವು ನಾಲ್ಕು. ಉಳಿದ ನಾಲ್ಕು ಹುಟ್ಟಿಯೇ ಇರಲಿಲ್ಲವೋ ಎಂಬಂತೆ ಅವುಗಳ ಹೆಸರೂ ಇರಲಿಲ್ಲ, ಗುರುತೂ ಇರಲಿಲ್ಲ. ಪುಟಗಳನ್ನು ತೆರೆಯಹೋದರೆ ಏನೂ ಇಲ್ಲ.

ಅದೇ ದಿನ ಹನ್ನೊಂದು ಗಂಟೆಗೆ, ಒಂದು ವಾರದ ಹಿಂದೆಯೆ ಬರಹೇಳಿದ್ದಂತೆ, ಬೈಂದೂರು ಕಡೆಯ ಹೆಣ್ಣುಮಗಳೊಬ್ಬರು ಕಚೇರಿಯ ಮೆಟ್ಟಲೇರಿ ಬಂದರು. ಅವರ ಯಜಮಾನರು ಇದೇ ಪುಣೆಯ ಹೋಟೆಲುಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದು, ಎರಡು ವರ್ಷಗಳ ಹಿಂದೆ ತೀರಿಕೊಂಡವರು. ಹುಡುಗನಾಗಿ ಬಂದಾಗ ಮನೆಯವರು ಕರೆಯುತ್ತಿದ್ದ ಹೆಸರನ್ನೇ ಅಂದಿನ ಮಾಲೀಕರು ರಿಜಿಸ್ಟರಿನಲ್ಲಿ ಬರೆದುಕೊಂಡಿದ್ದರು. ಶಾಲೆಯ ದಾಖಲೆಯಲ್ಲಿದ್ದ ಹೆಸರು ಬೇರೆ. ನಮ್ಮವರಲ್ಲಿ ಎಷ್ಟು ಜನರ ಸ್ಥಿತಿ ಇದೇ ಎಂಬುದನ್ನು ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಆ ಮನುಷ್ಯ ತಿಳಿವಳಿಕಸ್ಥರು. 1999ರಲ್ಲೇ ನಮ್ಮ ಪತ್ರಿಕೆಯಲ್ಲಿ, ಇಂಥ ಹೆಸರಿನವನೂ ಇಂಥ ಹೆಸರಿನವನೂ ಒಬ್ಬನೇ ಎಂದು ಪ್ರಕಟಣೆಯನ್ನು ಕೊಟ್ಟಿದ್ದರು. ಈಗ ಭವಿಷ್ಯನಿಧಿಯ ಹಣಕ್ಕಾಗಿ ಅರ್ಜಿ ಹಾಕಿದಾಗ, ಇತರ ಕಾಗದಗಳ ಜೊತೆಗೆ ಆ ಪ್ರಕಟಣೆಯ ಪ್ರತಿಯನ್ನೂ ತರಬೇಕೆಂದು ಕೇಳಿದ್ದರು. ಕೇಳಿದ್ದು ನ್ಯಾಯವೇ. ಅವರ ಮನೆಯಲ್ಲಿದ್ದ ಪ್ರತಿಯು ಊರಿನ ಮಳೆಗೆ ಸಿಕ್ಕಿ ಮುದ್ದೆಯಾಗಿತ್ತು. ಕೊಡಬೇಕಾದ ದಿನಕ್ಕೆ ಎಂಟು ದಿನಗಳು ಉಳಿದಿದ್ದವು.

“ಅಣ್ಣಾ, ಸಿಕ್ಕೀತಲ್ಲ?” ಎಂದು ಅವರು ಕೇಳಿದರು.

“ಸಿಗುತ್ತದೆ ಅಕ್ಕಾ, ಯಂತ್ರ ಸ್ವಲ್ಪ ಕೆಟ್ಟಿದೆ, ನಾಲ್ಕು ದಿನ ಬಿಟ್ಟು ಬನ್ನಿ” ಎಂದೆವು. ಹೇಳುವಾಗ ನಮ್ಮ ನಾಲಗೆಯು ಒಣಗಿತ್ತು.

ನಾಲ್ಕು ಡಿಸ್ಕುಗಳು ಕಾಣದಿದ್ದರೆ ಉಳಿದ ನಾಲ್ಕರಲ್ಲಿ ಅರ್ಧದಷ್ಟು ಪುಟಗಳಾದರೂ ಇರಬೇಡವೇ ಎಂದು ವಾಚಕರು ಕೇಳಬಹುದು. ನಾವೂ ಹಾಗೆಯೇ ಕೇಳಿದೆವು. ಇಲ್ಲ. ಇದರ ಮರ್ಮವನ್ನು ಗುಮಾಸ್ತ ವೃತ್ತಿಯ ಬಂಧುಗಳು ಬೇಗನೆ ಗ್ರಹಿಸುವರು. 1988ರಲ್ಲಿ ಅಮೆರಿಕೆಯ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಸ್ ಎಂಬ ಮೂವರು ಪಂಡಿತರು, ಅಗ್ಗದ ಅನೇಕ ಡಿಸ್ಕುಗಳನ್ನು ಒಂದು ತಂಡವಾಗಿ ಕಟ್ಟಿದರೆ ದುಬಾರಿಯಾದ ಒಂದೇ ದೊಡ್ಡ ಡಿಸ್ಕಿಗಿಂತ ಮೇಲು ಎಂದು ಪ್ರಬಂಧವೊಂದನ್ನು ಬರೆದರು. ಆ ತಂಡಕ್ಕೆ ‘ರೇಡ್’ ಎಂದು ಹೆಸರಾಯಿತು. ಪ್ರತಿಯೊಂದು ಪುಟವನ್ನೂ ತುಂಡರಿಸಿ ಎಲ್ಲ ಡಿಸ್ಕುಗಳಿಗೂ ಹಂಚುತ್ತಾರೆ. ಅದರೊಡನೆ ಒಂದು ಮೊತ್ತವನ್ನೂ ಬರೆದಿಡುತ್ತಾರೆ.

ಉದಾಹರಣೆಗೆ, ಆರು ಸಪ್ಲೈಯರರ ಒಂದು ಹೊತ್ತಿನ ವಸೂಲಿಯು ಕ್ರಮವಾಗಿ 210, 340, 180, 260, 150, 310 ರೂಪಾಯಿಗಳೆಂದು ಇಟ್ಟುಕೊಳ್ಳೋಣ. ಮೊತ್ತ 1450. ಒಬ್ಬನ ಚೀಟಿ ಕಳೆದರೆ ಮೊತ್ತದಿಂದ ಉಳಿದವರದನ್ನು ಕಳೆದು ಅದನ್ನು ಕಂಡುಹಿಡಿಯಬಹುದು. ಗಲ್ಲಾದಲ್ಲಿ ಕುಳಿತವರೆಲ್ಲ ಇದನ್ನು ಮಾಡಿಯೇ ಇದ್ದಾರೆ. ಇಬ್ಬರ ಚೀಟಿ ಕಳೆದರೆ? ಅದಕ್ಕಾಗಿ ಎರಡನೆಯ ಮೊತ್ತವೊಂದನ್ನು ಇಡಬೇಕು. ಮೊದಲಿನವನದನ್ನು ಒಂದರಿಂದ, ಎರಡನೆಯವನದನ್ನು ಎರಡರಿಂದ, ಹೀಗೆ ಆರರವರೆಗೆ ಗುಣಿಸಿ ಕೂಡಿಸಿದರೆ 5080 ಬರುತ್ತದೆ. ಈಗ ಮೂರನೆಯವನ ಮತ್ತು ಐದನೆಯವನ ಚೀಟಿಗಳು ಕಳೆದವೆನ್ನಿ. ಮೊದಲ ಮೊತ್ತದಿಂದ ಇಬ್ಬರದೂ ಸೇರಿ 330 ಎಂದು ತಿಳಿಯುತ್ತದೆ. ಎರಡನೆಯದರಿಂದ ಒಬ್ಬನ ಮೂರರಷ್ಟು, ಇನ್ನೊಬ್ಬನ ಐದರಷ್ಟು ಸೇರಿ 1290 ಎಂದು ತಿಳಿಯುತ್ತದೆ. ಎಸ್.ಎಸ್.ಎಲ್.ಸಿ.ಯಲ್ಲಿ ಕಲಿತ ಬೀಜಗಣಿತವು ನಮ್ಮ ಜೀವಮಾನದಲ್ಲಿ ಉಪಯೋಗಕ್ಕೆ ಬಂದದ್ದು ಇದೇ ಮೊದಲು: ಒಬ್ಬನದು 180, ಇನ್ನೊಬ್ಬನದು 150. ಯಂತ್ರದ ಗಣಿತವು ಇದಕ್ಕಿಂತ ಸೂಕ್ಷ್ಮವಾದುದು, ಆದರೆ ನ್ಯಾಯವು ಇದೇ. ನಮ್ಮ ಎಂಟು ಡಿಸ್ಕುಗಳಲ್ಲಿ ಆರರಷ್ಟು ಜಾಗ ಪುಟಗಳಿಗೆ, ಎರಡರಷ್ಟು ಜಾಗ ಈ ಎರಡು ಬಗೆಯ ಮೊತ್ತಗಳಿಗೆ. ಯಾವ ಎರಡು ಸತ್ತರೂ ಭಯವಿಲ್ಲ. ಮೂರು ಸತ್ತರೆ ಲೆಕ್ಕವು ನಿಲ್ಲುವುದಿಲ್ಲ. ನಮ್ಮಲ್ಲಿ ಕಾಣೆಯಾದವು ನಾಲ್ಕು.

ಇಲ್ಲೊಂದು ಮಾತು. 1956ರಲ್ಲಿ ಐ.ಬಿ.ಎಂ. ಕಂಪೆನಿಯು ಜಗತ್ತಿಗೆ ತೋರಿಸಿದ ಮೊತ್ತಮೊದಲ ಡಿಸ್ಕು ಯಂತ್ರದಲ್ಲಿ ನಮ್ಮ ದೋಸೆಕಲ್ಲಿನಷ್ಟು ಅಗಲದ, ಅಂದರೆ 24 ಇಂಚು ವ್ಯಾಸದ, 50 ತಟ್ಟೆಗಳಿದ್ದವು. ಅದರ ತೂಕ ಒಂದು ಟನ್ನಿಗೂ ಮೇಲೆ. ಅಷ್ಟೆಲ್ಲ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳನ್ನು ಮಾತ್ರ. ನಮ್ಮ ಪತ್ರಿಕೆಯ ಒಂದು ಪುಟದ ಚಿತ್ರವು ಇಂದು ಅದರ ಎಂಟರಷ್ಟು ಜಾಗವನ್ನು ಬೇಡುತ್ತದೆ. ಅಂಗೈಯಗಲದ ಡಬ್ಬಿಯೊಂದು ಒಂದು ಲಕ್ಷ ಕೋಟಿ ಅಕ್ಷರಗಳನ್ನು ಹೊತ್ತು, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತ ವರ್ಷಗಟ್ಟಲೆ ದುಡಿಯುವುದು ಆಶ್ಚರ್ಯವೇ ಸರಿ. ಒಂದು ದಿನ ಅದು ಮುನಿದರೆ ಅದರಲ್ಲಿ ಆಶ್ಚರ್ಯವೇನು?

ಅಸ್ತು. ಆ ಮಧ್ಯಾಹ್ನ ನಾವು ಮಾಡಿದ ಇನ್ನೊಂದು ಅವಿವೇಕವನ್ನೂ ಹೇಳಬೇಕು. ಗಾಬರಿಯಲ್ಲಿದ್ದವನಿಗೆ ಸುಮ್ಮನಿರಲಾಗದು. ಕಾಣೆಯಾದ ನಾಲ್ಕರಲ್ಲಿ ಐದನೆಯ ಗೂಡಿನ ಡಿಸ್ಕನ್ನು ಬಿಚ್ಚಿಕೊಂಡು, ನೆರೆಯ ಟೈಪಿಂಗ್ ಕೇಂದ್ರದವರ ಕಂಪ್ಯೂಟರಿಗೆ ಜೋಡಿಸಿ ನೋಡಿದೆವು. ಕೂಡಲೇ ಅವರ ತೆರೆಯ ಮೇಲೆ ಪ್ರಶ್ನೆಯೊಂದು ಮೂಡಿತು: ಹೊಸ ಡಿಸ್ಕೊಂದು ಸಿಕ್ಕಿದೆ, ಇದನ್ನು ಬಳಕೆಗೆ ಸಜ್ಜುಗೊಳಿಸಲೇ? ಕೆಳಗೆ ಒಪ್ಪಿಗೆಯ ಗುಂಡಿ. ನಮ್ಮ ಬೆರಳು ಇಲಿಯ ಮೇಲಿತ್ತು. ಅಷ್ಟರಲ್ಲಿ ದೈವಯೋಗದಿಂದ ಫೋನು ಬಾರಿಸಿತು.

ಫೋನು ಮಾಡಿದವನು ಸುಳ್ಯ ಕಡೆಯ ತರುಣ. ಹಿಂದೆ ನಮ್ಮ ಹೋಟೆಲಿನಲ್ಲಿಯೇ ಕ್ಯಾಷಿಯರನಾಗಿದ್ದು, ರಾತ್ರಿ ತರಗತಿಗಳಲ್ಲಿ ಕಂಪ್ಯೂಟರ್ ದುರಸ್ತಿಯನ್ನು ಕಲಿತವನು. ಈಗ ಸ್ವಾರಗೇಟಿನ ಬಳಿಯ ಹೋಟೆಲೊಂದರ ಲೆಕ್ಕ ನೋಡಿಕೊಳ್ಳುತ್ತಾನೆ. ನಾವು ಹೋಟೆಲು ಬಿಟ್ಟು ವರ್ಷಗಳಾದರೂ ಅವನ ಬಾಯಲ್ಲಿ ಇನ್ನೂ ಧಣಿಗಳೇ. ಸಂಗತಿಯನ್ನು ಕೇಳಿದೊಡನೆ ಅವನು ಕೂಗಿಯೇ ಬಿಟ್ಟ.

“ಧಣೀ, ಕೈ ತೆಗೀರಿ! ಎಂಥದೂ ಒತ್ತಬೇಡಿ ಮಾರಾಯ್ರೆ. ನಾನು ಕೆಲಸ ಮುಗಿಸಿ ಬರುತ್ತೇನೆ.”

ಆ ಗುಂಡಿಯನ್ನು ಒತ್ತಿದ್ದರೆ ಡಿಸ್ಕಿನ ಆರಂಭದ ಭಾಗದಲ್ಲಿ ಹೊಸ ಗುರುತುಗಳು ಬರೆಯಲ್ಪಟ್ಟು, ತಂಡದ ಲೆಕ್ಕಕ್ಕೆ ಪೆಟ್ಟು ಬೀಳುವ ಸಂಭವವಿತ್ತೆಂದು ಅವನು ಬಳಿಕ ವಿವರಿಸಿದ. ಅಪರಿಚಿತ ಭಾಷೆಯಲ್ಲಿ ಬರೆದ ಪುಸ್ತಕವನ್ನು ಕಂಡವನು ಇದು ಖಾಲಿ ಪುಸ್ತಕವೆಂದು ತಿಳಿದು ಅದರ ಮೇಲೆಯೇ ಬರೆಯಲು ಅಪ್ಪಣೆ ಕೇಳಿದಂತೆ ಅದು. ಆದರೂ ನಮ್ಮ ಅವಿವೇಕದಿಂದ ಒಂದು ಉಪಕಾರವಾಯಿತು. ಐದನೆಯ ಡಿಸ್ಕು ಬೇರೆ ಯಂತ್ರದಲ್ಲಿ ಕಾಣಿಸಿಕೊಂಡಿತೆಂದ ಮೇಲೆ ಅದು ಸತ್ತಿಲ್ಲ. ದೋಷವಿರುವುದು ಡಿಸ್ಕಿನಲ್ಲಲ್ಲ, ಅದರ ದಾರಿಯಲ್ಲಿ.

ರಾತ್ರಿ ಹನ್ನೊಂದೂವರೆಗೆ ಅವನು ಬಂದ. ಸ್ಕ್ರೂಡ್ರೈವರಿಗೆ ಮೊದಲು ಅವನು ಕೇಳಿದ್ದು ಕಾಗದ ಮತ್ತು ಪೆನ್ಸಿಲನ್ನು. ಎಂಟು ಡಿಸ್ಕುಗಳ ಮೇಲೂ ಅಚ್ಚಾಗಿರುವ ಸಂಖ್ಯೆಗಳನ್ನು ಬರೆದುಕೊಂಡು, ಒಂದೊಂದಕ್ಕೂ ಚೀಟಿಯನ್ನು ಅಂಟಿಸಿ, ಅದರ ಮುಂದೆ ಎರಡು ಕಾಲಂಗಳನ್ನು ಎಳೆದ. ಡಿಸ್ಕಿಗೆ ಹೋಗುವ ತಂತಿಗಳು ಎರಡು: ಒಂದು ಮಾಹಿತಿಯದು, ಇನ್ನೊಂದು ವಿದ್ಯುತ್ತಿನದು. ಮೊದಲನೆಯದು ಆರ್ಡರ್ ಹೇಳುವ ಬಾಯಿ, ಎರಡನೆಯದು ಒಲೆಗೆ ಹೋಗುವ ಗ್ಯಾಸು. ಯಾವ ಡಿಸ್ಕಿಗೆ ಇವೆರಡೂ ಎಲ್ಲಿಂದ ಬರುತ್ತವೆಂದು ಬರೆಯುವಷ್ಟರಲ್ಲಿ ಗಂಟೆ ಹನ್ನೆರಡು ದಾಟಿತ್ತು. ನಮಗೆ ತಾಳ್ಮೆ ಕೆಡುತ್ತಿತ್ತು. ಈಗ ಯೋಚಿಸಿದರೆ, ದುರಸ್ತಿಯ ಅರ್ಧಪಾಲು ಆ ಕಾಗದದಲ್ಲೇ ಆಗಿತ್ತು.

ಮೊದಲು ಅವನು ಯಂತ್ರವು ಎಚ್ಚರಗೊಳ್ಳುವಾಗಲೇ ಕಾಣುವ ಮೂಲ ಪಟ್ಟಿಯನ್ನು ತೆರೆದು ನೋಡಿದ. ಅಲ್ಲಿಯೂ ನಾಲ್ಕೇ. ಬಾಗಿಲ ಕಾವಲುಗಾರನೇ ನೋಡದವರನ್ನು ಒಳಗಿನ ಗುಮಾಸ್ತನು ನೋಡುವುದೆಂತು? ಆದುದರಿಂದ ಒಳಗಿನ ತಂತ್ರಾಂಶವನ್ನು ದೂರುವುದು ವ್ಯರ್ಥವೆಂದು ಗೊತ್ತಾಯಿತು. ಅದೇ ತೆರೆಯ ಮೂಲೆಯಲ್ಲಿ ದಿನಾಂಕವು 2014ರ ಜನವರಿ 1 ಎಂದಿತ್ತು. ತರುಣನು ಅದನ್ನು ಕಾಗದದ ಕೆಳಗೆ ಬರೆದುಕೊಂಡ. ತಾರೀಕು ತಪ್ಪಿದರೇನು ಮಹಾ ಎಂದು ನಾವು ಅಂದುಕೊಂಡೆವು.

ಕಾಣೆಯಾದವು 4, 5, 6, 7. ಇವು ಅಕ್ಕಪಕ್ಕದ ಗೂಡುಗಳಾದುದರಿಂದ ಒಂದೇ ಕಾರಣವಿರಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಕಾಗದವು ಬೇರೆಯೇ ಹೇಳುತ್ತಿತ್ತು. ಮಾಹಿತಿಯ ತಂತಿಗಳನ್ನು ನೋಡಿದರೆ 1, 2, 3 ಮದರ್‌ಬೋರ್ಡಿನ ಮುಖ್ಯ ಕಿಂಡಿಗಳಲ್ಲಿ; 4 ಮತ್ತು 5 ಅದೇ ಬೋರ್ಡಿನ ಪಕ್ಕದಲ್ಲಿರುವ ಎರಡು ಹೆಚ್ಚುವರಿ ಕಿಂಡಿಗಳಲ್ಲಿ; 6, 7, 8 ಬೇರೆಯಾಗಿ ಸಿಕ್ಕಿಸಿದ ಕಾರ್ಡಿನಲ್ಲಿ. ಕಾರ್ಡೇ ಕೆಟ್ಟಿದ್ದರೆ 8 ಕಾಣಬಾರದಿತ್ತು, ಅದು ಕಾಣುತ್ತಿದೆ.

ಐದನೆಯದರ ಮಾಹಿತಿ ತಂತಿಯನ್ನು ಬದಲಿಸಿ ನೋಡಿದ. ಫಲವಿಲ್ಲ, ಹಳೆಯ ತಂತಿಯನ್ನೇ ಮತ್ತೆ ಹಾಕಿದ. ಅದನ್ನು ಕಾರ್ಡಿನ ನಾಲ್ಕನೆಯ ಖಾಲಿ ಕಿಂಡಿಗೆ ಸಿಕ್ಕಿಸಿ ನೋಡಿದ. ಫಲವಿಲ್ಲ, ಮತ್ತೆ ಮೊದಲಿನ ಕಿಂಡಿಗೇ ತಂದ. ಪ್ರತಿ ಸಲವೂ ಪೆಟ್ಟಿಗೆಯ ವಿದ್ಯುತ್ತನ್ನು ಪೂರಾ ಆರಿಸಿಯೇ ಕೈ ಹಾಕುತ್ತಿದ್ದ. ಒಂದು ಬದಲಾವಣೆ ಫಲಿಸದಿದ್ದರೆ ಅದನ್ನು ಹಿಂದಕ್ಕೆ ತೆಗೆದು, ಬಳಿಕವೇ ಇನ್ನೊಂದು. ಸಾಂಬಾರು ಕೆಟ್ಟಾಗ ಉಪ್ಪು, ಹುಳಿ, ಬೆಲ್ಲ ಮೂರನ್ನೂ ಒಟ್ಟಿಗೆ ಸುರಿಯುವ ಭಟ್ಟರನ್ನು ನಾವು ಕಂಡಿದ್ದೇವೆ. ಕೆಟ್ಟದ್ದು ಏನೆಂಬುದು ಅವರಿಗೆ ಎಂದೂ ತಿಳಿಯುವುದಿಲ್ಲ.

ರಾತ್ರಿ ಒಂದೂವರೆಯ ಹೊತ್ತಿಗೆ ಅವನು ಯಂತ್ರವನ್ನು ಮತ್ತೆ ಹೊತ್ತಿಸಿ, ಕೋಣೆಯ ಫ್ಯಾನನ್ನು ಆರಿಸಲು ಹೇಳಿ, ಒಂದೊಂದೇ ಡಿಸ್ಕಿನ ಮೇಲೆ ಅಂಗೈಯಿಟ್ಟ. ತಿರುಗುವ ಡಿಸ್ಕು ಕೈಗೆ ಸಣ್ಣಗೆ ನಡುಕವನ್ನು ಕೊಡುತ್ತದೆ. 1, 2, 3, 8 ನಡುಗುತ್ತಿದ್ದವು. ನಾಲ್ಕನೆಯದೂ ನಡುಗುತ್ತಿತ್ತು! 5, 6, 7 ಕಲ್ಲಿನಂತೆ ತಣ್ಣಗೆ ನಿಶ್ಚಲವಾಗಿದ್ದವು. ಅಂದಮೇಲೆ ರೋಗ ಒಂದಲ್ಲ, ಎರಡು. ಮೂರಕ್ಕೆ ಒಲೆಯೇ ಹೊತ್ತಿಲ್ಲ. ಒಂದರ ಒಲೆ ಉರಿಯುತ್ತಿದೆ, ಆದರೆ ಅದರ ಮಾತು ಕೌಂಟರಿಗೆ ತಲುಪುತ್ತಿಲ್ಲ.

ಇದೇ ವೇಳೆಗೆ ನಮ್ಮ ಮೂಗು ಕೆಲಸಕ್ಕೆ ಬಂತು. ಪೆಟ್ಟಿಗೆಯ ಹತ್ತಿರ ಬಾಗಿದಾಗ, ರುಬ್ಬುವ ಗ್ರೈಂಡರಿನ ಪ್ಲಗ್ಗು ಸುಡುವಾಗ ಬರುವ ಆ ಪರಿಚಿತ ವಾಸನೆ ಸೂಕ್ಷ್ಮವಾಗಿ ಬಂದಿತು. ಇಪ್ಪತ್ತು ವರ್ಷ ಹೋಟೆಲು ನಡೆಸಿದವನಿಗೆ ಈ ವಾಸನೆಯು ನಿದ್ದೆಯಲ್ಲಿಯೂ ತಿಳಿಯುತ್ತದೆ. ಹೇಳಿದೆವು. ತರುಣನು ಕಾಗದದ ಎರಡನೆಯ ಕಾಲಮನ್ನು ನೋಡಿದ: 5, 6, 7 ಮೂರಕ್ಕೂ ವಿದ್ಯುತ್ತು ಬರುವುದು ಒಂದರಿಂದ ಮೂರು ಮಾಡಿದ ಒಂದೇ ಕವಲು ತಂತಿಯಿಂದ. ಯಂತ್ರವನ್ನು ಆರಿಸಿ ಅದನ್ನು ಬಿಚ್ಚಿದಾಗ, ಬಿಳಿ ಪ್ಲಾಸ್ಟಿಕ್ಕಿನ ತುದಿಯಲ್ಲಿ ಒಂದು ತೂತಿನ ಸುತ್ತ ಕಂದುಬಣ್ಣವಾಗಿತ್ತು. ಒಳಗಿನ ತಗಡು ಸಡಿಲವಾಗಿ ಕಪ್ಪಗಾಗಿತ್ತು.

ಹಾಗಾದರೆ ಇಷ್ಟು ವರ್ಷ ಹೇಗೆ ನಡೆಯಿತು? ಇದಕ್ಕೂ ಗ್ರೈಂಡರಿನಲ್ಲೇ ಉತ್ತರವಿದೆ. ಅಕ್ಕಿ ತುಂಬಿದ ಗ್ರೈಂಡರನ್ನು ಹೊರಡಿಸುವಾಗ ಹೋಟೆಲಿನ ದೀಪಗಳು ಒಮ್ಮೆ ಮಂಕಾಗುವುದನ್ನು ಎಲ್ಲರೂ ನೋಡಿದ್ದಾರೆ; ಒಮ್ಮೆ ತಿರುಗತೊಡಗಿದರೆ ಅದಕ್ಕೆ ಅಷ್ಟು ವಿದ್ಯುತ್ತು ಬೇಡ. ಡಿಸ್ಕೂ ಹಾಗೆಯೇ. ನಿಂತಲ್ಲಿಂದ ಹೊರಡುವಾಗ ಅದು 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರಿನಷ್ಟನ್ನು ಎಳೆಯುತ್ತದೆ. ವೇಗಕ್ಕೆ ಬಂದ ಮೇಲೆ ಅದರ ಕಾಲುಭಾಗವೂ ಸಾಕು. ಕವಲು ತಂತಿಯ ಸಡಿಲ ತುದಿಯು ದಿನವೂ ಸ್ವಲ್ಪ ಸ್ವಲ್ಪವೇ ಕಾದು ಕೆಡುತ್ತ ಬಂದಿದ್ದರೂ, ಓಡುತ್ತಿದ್ದ ಮೂರು ಡಿಸ್ಕುಗಳನ್ನು ಓಡಿಸುವಷ್ಟು ಶಕ್ತಿಯನ್ನು ಸಾಗಿಸುತ್ತಿತ್ತು. ಯಂತ್ರವು ಎಂದೂ ನಿಲ್ಲುತ್ತಿರಲಿಲ್ಲವಾದುದರಿಂದ ಎಂದೂ ಹೊಸದಾಗಿ ಹೊರಡಬೇಕಾಗಿರಲಿಲ್ಲ. ಅಂದು ಮೂರೂ ಒಟ್ಟಿಗೆ ಹೊರಡಬೇಕಾಗಿ ಬಂದಾಗ ಆ ತುದಿಯು ಕೈಚೆಲ್ಲಿತು. ದೊಡ್ಡ ಕಚೇರಿಗಳ ಯಂತ್ರಗಳಲ್ಲಿ ಡಿಸ್ಕುಗಳನ್ನು ಒಂದಾದ ಮೇಲೊಂದರಂತೆ ಹೊರಡಿಸುವ ಏರ್ಪಾಡಿರುತ್ತದಂತೆ. ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ ನಮ್ಮದಕ್ಕೆ ಆ ಭಾಗ್ಯವಿರಲಿಲ್ಲ.

ವಿನೋದವೆಂದರೆ, ಪವರ್ ಸಪ್ಲೈ ಡಬ್ಬಿಯಿಂದಲೇ ಹೊರಟ ಇನ್ನೊಂದು ತಂತಿಯು, ಮೂರು ಪ್ಲಗ್ಗುಗಳ ಸಮೇತ, ರಬ್ಬರ್ ಬ್ಯಾಂಡು ಸುತ್ತಿಸಿಕೊಂಡು ಪೆಟ್ಟಿಗೆಯ ಮೂಲೆಯಲ್ಲಿ ಮಲಗಿತ್ತು. ಕವಲು ತಂತಿಯ ಅಗತ್ಯವೇ ಇರಲಿಲ್ಲ. ಹೊಸ ತಂತಿಯನ್ನು ಜೋಡಿಸಿ ಗುಂಡಿ ಒತ್ತಿದೊಡನೆ ಮೂರೂ ಡಿಸ್ಕುಗಳು ಒಂದು ನಿಟ್ಟುಸಿರಿನೊಂದಿಗೆ ತಿರುಗಿದವು. ತೆರೆಯ ಮೇಲೆ ಆರು: 1, 2, 3, 6, 7, 8. ನಡುಗುತ್ತಿದ್ದರೂ 4 ಮತ್ತು 5 ಇನ್ನೂ ಇಲ್ಲ.

ಆರಿದ್ದರೆ ಲೆಕ್ಕವು ಕೂಡಿಬರುತ್ತದೆಂದು ಮೇಲೆ ಹೇಳಿದೆವಷ್ಟೆ. ನಮಗೆ ಆತುರ.

“ಸಾಕಲ್ಲ, ತೆರೆದುಬಿಡು. ಆ ಒಂದು ಪುಟವನ್ನು ತೆಗೆದುಕೊಳ್ಳೋಣ.”

“ಆರರಲ್ಲಿ ಒಂದು ಕೈಕೊಟ್ಟರೆ ಎಂಥ ಮಾಡುವುದು ಧಣೀ? ಎರಡನ್ನು ಹೊರಗಿಟ್ಟು ಹೊರಡಿಸಿದರೆ ಅವೆರಡರ ಲೆಕ್ಕ ಹಿಂದೆ ಉಳಿಯುತ್ತದೆ. ಆಮೇಲೆ ಅವನ್ನು ಸೇರಿಸಬೇಕಾದರೆ ಪೂರಾ ಹೊಸದಾಗಿ ಬರೆಯಬೇಕು. ಆ ದುಡಿತಕ್ಕೆ ಮುದಿ ಡಿಸ್ಕುಗಳು ಸಾಯುತ್ತವೆ. ಅರ್ಧ ಗಂಟೆ ಕೊಡಿ.”

ನಮ್ಮ ಹೋಟೆಲಿನಲ್ಲಿ ಹತ್ತು ರೂಪಾಯಿ ಹೆಚ್ಚುಕಡಿಮೆಯಾದಾಗ ಗಲ್ಲಾ ಮುಚ್ಚದೆ ನಿಲ್ಲುತ್ತಿದ್ದ ಅದೇ ಹುಡುಗ. ಕೊಟ್ಟೆವು.

4, 5 ಎರಡೂ ಬೋರ್ಡಿನ ಪಕ್ಕದ ಕಿಂಡಿಗಳಲ್ಲಿವೆಯೆಂದು ಕಾಗದವು ತೋರಿಸಿತು. ಐದನೆಯದನ್ನು ಮತ್ತೊಮ್ಮೆ ಕಾರ್ಡಿನ ಖಾಲಿ ಕಿಂಡಿಗೆ ಸಿಕ್ಕಿಸಿದ. ಈ ಸಲ ಅದು ಕಾಣಿಸಿತು! ಒಂದು ಗಂಟೆಯ ಹಿಂದೆ ಇದೇ ಪ್ರಯೋಗವು ವಿಫಲವಾಗಿತ್ತಲ್ಲವೆ? ಆಗ ಅದಕ್ಕೆ ವಿದ್ಯುತ್ತು ಇರಲಿಲ್ಲ. ಪಾಪ, ಐದನೆಯ ಡಿಸ್ಕಿಗೆ ಎರಡು ರೋಗಗಳೂ ಏಕಕಾಲಕ್ಕೆ ತಗಲಿದ್ದವು. ಒಂದನ್ನು ವಾಸಿ ಮಾಡಿದರೂ ಇನ್ನೊಂದು ಅದನ್ನು ಮಲಗಿಸಿಯೇ ಇಟ್ಟಿತ್ತು. ಇಂಥ ಸ್ಥಿತಿಯಲ್ಲಿ ಎಷ್ಟು ನಿರಪರಾಧಿ ಡಿಸ್ಕುಗಳು ಕಸದ ಬುಟ್ಟಿಯನ್ನು ಸೇರಿರಬಹುದೋ!

ಈಗ ಉಳಿದದ್ದು ಆ ಎರಡು ಕಿಂಡಿಗಳ ಪ್ರಶ್ನೆ. ತರುಣನು ಕಾಗದದ ಕೆಳಗೆ ಬರೆದುಕೊಂಡಿದ್ದ 2014ರ ದಿನಾಂಕವನ್ನು ಬೆರಳಿನಿಂದ ತಟ್ಟಿ ನಕ್ಕ. ಬೋರ್ಡಿನ ಮೇಲೆ ನಾಣ್ಯದಾಕಾರದ 3 ವೋಲ್ಟಿನ ಸಣ್ಣ ಬ್ಯಾಟರಿಯೊಂದಿರುತ್ತದೆ. ಹೊರಗಿನ ವಿದ್ಯುತ್ತು ಇಲ್ಲದಾಗ ಗಡಿಯಾರವನ್ನೂ, ನಾವು ಮಾಡಿಟ್ಟ ಏರ್ಪಾಡುಗಳನ್ನೂ ಅದು ಕಾಯುತ್ತದೆ. ಅದು ಎಂದೋ ಬತ್ತಿಹೋಗಿತ್ತು. ಒಂಬತ್ತು ಗಂಟೆಯ ಕತ್ತಲೆಯಲ್ಲಿ ಯಂತ್ರವು ತನ್ನ ನೆನಪನ್ನೆಲ್ಲ ಕಳೆದುಕೊಂಡು, ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳಿತ್ತು. ಆ ಮೂಲ ಏರ್ಪಾಡಿನಲ್ಲಿ ಪಕ್ಕದ ಎರಡು ಕಿಂಡಿಗಳು ಮುಚ್ಚಿರುತ್ತವೆ. ಯಂತ್ರವನ್ನು ಸಜ್ಜುಗೊಳಿಸಿದವರು ಅಂದು ಅವನ್ನು ತೆರೆದಿದ್ದರು. ಮತ್ತೆ ತೆರೆದಾಯಿತು. ಐದನೆಯದು ತನ್ನ ಗೂಡಿಗೆ ಮರಳಿತು. ಆ ಬ್ಯಾಟರಿಯನ್ನು ಮರುದಿನ ನಮ್ಮ ಬೀದಿಯ ಕೈಗಡಿಯಾರ ರಿಪೇರಿಯವರಲ್ಲಿಯೇ ಕೊಂಡೆವು. ಒಂದು ಪ್ಲೇಟು ಇಡ್ಲಿಗೆ ಕೊಡುವುದಕ್ಕಿಂತ ಹೆಚ್ಚೇನೂ ಕೊಡಲಿಲ್ಲ.

ಎಂಟೂ ಕಂಡವು. ಆದರೂ ತರುಣನು ಕೂಡಲೇ ತೆರೆಯಲಿಲ್ಲ. ತಂಡದ ಪ್ರತಿಯೊಂದು ಡಿಸ್ಕಿನಲ್ಲೂ ಅದು ಕಡೆಯ ಬಾರಿ ಲೆಕ್ಕ ಬರೆದ ಕ್ರಮಸಂಖ್ಯೆ ಇರುತ್ತದೆ. ಎಂಟರ ಸಂಖ್ಯೆಗಳನ್ನೂ ಓದಿ ತಾಳೆ ನೋಡಿದ; ಎಲ್ಲವೂ ಒಂದೇ. ಯಾವುದೂ ಹಿಂದೆ ಉಳಿದಿರಲಿಲ್ಲ. ಬೆಳಗಿನ ಮೂರುಮುಕ್ಕಾಲಕ್ಕೆ, ಬರೆಯಲು ಅವಕಾಶವಿಲ್ಲದಂತೆ, ಓದಲು ಮಾತ್ರವೇ ತಂಡವನ್ನು ತೆರೆದ. ವರ್ಷವಾರು ಸಂಚಿಕೆಗಳ ಪಟ್ಟಿಯು ತೆರೆಯ ಮೇಲೆ ಇಳಿದುಬಂದಿತು. ಮಾರ್ಕೆಟ್ ಯಾರ್ಡಿಗೆ ಹೋಗುವ ಮೊದಲ ಟೆಂಪೊಗಳ ಸದ್ದು ಆಗ ಕೇಳಿಸುತ್ತಿತ್ತು. ಇಬ್ಬರೂ ಹೊರಗೆ ಹೋಗಿ ಚಹಾ ಕುಡಿದೆವು. ತುಂಬ ಕೆಟ್ಟದಾಗಿತ್ತು, ಎರಡೆರಡು ಕಪ್ಪು ಕುಡಿದೆವು.

ಕಥೆಯು ಇಲ್ಲಿಗೆ ಮುಗಿಯಲಿಲ್ಲ. ಮರುದಿನ ಎಲ್ಲ ಡಿಸ್ಕುಗಳ ಆರೋಗ್ಯ ವರದಿಯನ್ನು ತೆಗೆಸಿದಾಗ, ಕಾಣೆಯಾಗಿದ್ದ ನಾಲ್ಕೂ ಗಟ್ಟಿಮುಟ್ಟಾಗಿದ್ದವು. ನಿಜವಾಗಿ ರೋಗಿಯಾಗಿದ್ದದ್ದು, ಒಂದು ಕ್ಷಣವೂ ಕಣ್ಮರೆಯಾಗದಿದ್ದ ಎರಡನೆಯದು. ಕೆಟ್ಟ ಜಾಗಗಳನ್ನು ಬಿಟ್ಟು ಬೇರೆ ಜಾಗದಲ್ಲಿ ಬರೆದುಕೊಂಡ ಲೆಕ್ಕವು ಅದರಲ್ಲಿ ಏರುತ್ತಲೇ ಇತ್ತು. ಆ ರಾತ್ರಿ ಆರರಲ್ಲೇ ತೃಪ್ತರಾಗಿ ತಂಡವನ್ನು ದುಡಿಸಿದ್ದರೆ ಕೈಕೊಡಬಹುದಾಗಿದ್ದದ್ದು ಅದೇ. ಪುಟಗಳನ್ನೆಲ್ಲ ಮೊದಲು ಬೇರೊಂದು ದೊಡ್ಡ ಡಿಸ್ಕಿಗೆ ನಕಲು ಮಾಡಿಕೊಂಡು, ಬಳಿಕ ಅದನ್ನು ಬದಲಿಸಿದೆವು.

ನಕಲಿನ ಮಾತು ಬಂದಿತು. ಎರಡು ಡಿಸ್ಕು ಸತ್ತರೂ ಭಯವಿಲ್ಲವೆಂಬ ಭರವಸೆಯ ಮೇಲೆ ನಾವು ಬೇರೆ ಪ್ರತಿಯನ್ನೇ ಇಟ್ಟಿರಲಿಲ್ಲ. ಪ್ಲಗ್ಗು ಸುಟ್ಟ ಆ ಪೆಟ್ಟಿಗೆಗೆ ಬೆಂಕಿಯೇ ಹತ್ತಿದ್ದರೆ ಎಂಟು ಡಿಸ್ಕುಗಳೂ ಒಟ್ಟಿಗೆ ಹೋಗುತ್ತಿದ್ದವು. ಇದು ಬಡ ಪತ್ರಿಕೆಗಳ ಅಜ್ಞಾನವಷ್ಟೇ ಅಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ಡೇಜಿಯಾನ್ ನಗರದಲ್ಲಿ ಅಲ್ಲಿಯ ಸರಕಾರದ ಮಾಹಿತಿ ಕೇಂದ್ರಕ್ಕೆ ಬ್ಯಾಟರಿಗಳಿಂದ ಬೆಂಕಿ ಬಿದ್ದಾಗ, ಸರಕಾರಿ ನೌಕರರು ಕಡತಗಳನ್ನಿಟ್ಟಿದ್ದ 858 ಟೆರಾಬೈಟುಗಳ ಉಗ್ರಾಣವು ನಾಶವಾಯಿತು. ಅದಕ್ಕೆ ಹೊರಗೆಲ್ಲೂ ಪ್ರತಿಯಿರಲಿಲ್ಲ. ಪ್ರತಿಯಿಡಲಾಗದಷ್ಟು ದೊಡ್ಡದೆಂಬುದೇ ಅದಕ್ಕೆ ಕೊಟ್ಟ ಕಾರಣ. ನಮ್ಮದಾದರೋ ಮೂರು ಟೆರಾಬೈಟುಗಳಿಗೆ ಸ್ವಲ್ಪ ಹೆಚ್ಚು. ಆ ನೆಪಕ್ಕೂ ಆಸ್ಪದವಿಲ್ಲ.

ಪುಣೆಯ ಹಳಬರಿಗೆ ಇಂಥದನ್ನು ವಿವರಿಸಬೇಕಾಗಿಲ್ಲ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿಯ ದಂಡೆಯ ಪೇಟೆಗಳು ಮುಳುಗಿದ ಕಥೆಯನ್ನು, ನಾವು ಮೊದಲು ಕೆಲಸಕ್ಕಿದ್ದ ಹೋಟೆಲಿನ ಹಿರಿಯರೊಬ್ಬರು ಹೇಳುತ್ತಿದ್ದರು. ನೀರಿಳಿದ ಮೇಲೆ ಅವರ ಧಣಿಗಳು ಲೆಕ್ಕದ ಪುಸ್ತಕಗಳನ್ನು ಹಾಳೆ ಹಾಳೆಯಾಗಿ ಬಿಡಿಸಿ ಹಪ್ಪಳದಂತೆ ಮಾಳಿಗೆಯ ಮೇಲೆ ಒಣಗಿಸಿದರಂತೆ. ಉದ್ರಿ ಕೊಟ್ಟವರ ಹೆಸರುಗಳು ಮಾತ್ರ ತೊಳೆದುಹೋಗಿದ್ದವಂತೆ. ಈಗ ನಮ್ಮ ಪುಟಗಳ ಒಂದು ಪ್ರತಿ ಬಿಬವೇವಾಡಿಯಲ್ಲಿದೆ, ಇನ್ನೊಂದು ತರುಣನ ಕೋಣೆಯಲ್ಲಿದೆ, ಮೂರನೆಯದು ಉಡುಪಿಯ ನಮ್ಮ ಅಕ್ಕನ ಮನೆಯ ಕಪಾಟಿನಲ್ಲಿದೆ. ಆರು ತಿಂಗಳಿಗೊಮ್ಮೆ ಅದನ್ನು ತೆರೆದು, ಕಣ್ಣುಮುಚ್ಚಿ ಆರಿಸಿದ ಹತ್ತು ಪುಟಗಳನ್ನು ಓದಿನೋಡಬೇಕೆಂದು ತರುಣನು ಕಟ್ಟುಮಾಡಿದ್ದಾನೆ. ಅಕ್ಕನಿಗೆ ಅದು ಬೆಳ್ಳಿಯ ಪಾತ್ರೆಗಳಿಗಿಂತ ದೊಡ್ಡ ಜವಾಬ್ದಾರಿಯಾಗಿದೆ.

ನಾಲ್ಕನೆಯ ದಿನ ಆ ಹೆಣ್ಣುಮಗಳು ಬಂದರು. 1999ರ ಸಂಚಿಕೆಯ ಮೂರನೆಯ ಪುಟ, ಎಡಗಡೆಯ ಕಾಲಮು, ಚಹಾಪುಡಿಯ ಜಾಹೀರಾತೊಂದರ ಕೆಳಗೆ ನಾಲ್ಕು ಸಾಲು. ದಿನಾಂಕವು ಸ್ಪಷ್ಟವಾಗಿ ಕಾಣುವಂತೆ ಇಡೀ ಪುಟವನ್ನು ಅಚ್ಚು ಹಾಕಿ, ಮೊಹರು ಹಾಕಿ, ನಮ್ಮ ಸಹಿ ಮಾಡಿ ಕೊಟ್ಟೆವು. ಯಜಮಾನರ ಎರಡೂ ಹೆಸರುಗಳನ್ನು ಅವರು ಬೆರಳಿಟ್ಟು ಓದಿದರು. ಆ ಹಣ ಅವರ ಕೈಸೇರಲು ಇನ್ನೂ ಕೆಲವು ಕಾಗದಗಳು ಬೇಕಾಗಿವೆ. ನಮ್ಮಿಂದಾಗಬೇಕಾದದ್ದು ಮಾತ್ರ ಆಗಿದೆ.

ಪುಟಗಳನ್ನು ತಾಳೆ ನೋಡುತ್ತಿದ್ದಾಗ ನಮ್ಮ ಮತ್ತೊಂದು ಪಾಪವು ಹೊರಬಿದ್ದಿತು. 1994ರ ಮೇ ಮತ್ತು ಜೂನ್ ತಿಂಗಳುಗಳ ಸಂಚಿಕೆಗಳನ್ನು ಸ್ಕ್ಯಾನ್ ಮಾಡದೆಯೇ ರದ್ದಿಗೆ ಹಾಕಿದ್ದೇವೆ. ಯಾವ ಡಿಸ್ಕಿನಲ್ಲೂ ಅವು ಇಲ್ಲ, ಯಾವ ಗಣಿತದಿಂದಲೂ ಅವು ಮರಳಿ ಬರಲಾರವು. ಆ ಎರಡು ತಿಂಗಳ ಪ್ರತಿಗಳು ವಾಚಕರಲ್ಲಿ ಯಾರ ಬಳಿಯಾದರೂ, ಪೆಟ್ಟಿಗೆಯ ತಳದಲ್ಲಿ ಹಾಸಿದ್ದಾಗಲಿ, ಮದುವೆಯ ಸುದ್ದಿಗೆಂದು ಎತ್ತಿಟ್ಟದ್ದಾಗಲಿ ಇದ್ದರೆ, ಒಂದು ದಿನದ ಮಟ್ಟಿಗೆ ಕಚೇರಿಗೆ ತಂದುಕೊಡಬೇಕಾಗಿ ಕೇಳಿಕೊಳ್ಳುತ್ತೇವೆ. ಸಂಜೆ ಏಳರ ತನಕ ಗುಮಾಸ್ತರು ಇರುತ್ತಾರೆ. ಸ್ಕ್ಯಾನ್ ಮಾಡಿಕೊಂಡು ಅವರೇ ರಸೀತಿಯ ಮೇಲೆ ಹಿಂದಿರುಗಿಸುವರು. ಈ ಕೆಲಸವನ್ನು ನಮ್ಮ ಕೈಗೆ ಕೊಡಲು ಅವರು ಒಪ್ಪಿಲ್ಲ.